ಬಿಂದಿಗೆಯೊಳಗಿನ ಸಾಹೇಬರು

ಆ ಮೀನನ್ನು ಎಂದಿನ ಹಾಗೆ ಹಿಡಿದ ಕೈಯಿಂದಲೇ ನೀರಿಗೆ ಬಿಟ್ಟುಬಿಟ್ಟಿದ್ದರೆ, ಶಾಂತಕುಮಾರಿಯ ಮಾನ ಅವತ್ತು ಹೂವು ವಿಭೂತಿ ಧರಿಸಿಕೊಂಡು ಗೊರೂರಿನ ಹಿನ್ನೀರಿನ ದಡಕ್ಕೆ ಮೆರವಣಿಗೆ ಹೋಗುತ್ತಿರಲಿಲ್ಲ. ಬಿಡಬೇಕೆಂದೇ ಇದ್ದಳು. ಬಾಯಿಂದ ಗಾಳ ಬಿಡಿಸಿ, ಎರಡು ಕೈಯಲ್ಲೂ ಎತ್ತಿಕೊಂಡು, "ಹೋಗಿಬನ್ನಿ ಸಾಹೇಬರೇ" ಎನ್ನುವಷ್ಟರಲ್ಲಿ ತಿರುವಿನಲ್ಲಿ ಜೀಪಿನ ಸದ್ದಾಯಿತು.

ಅದು ಮೀನುಗಾರಿಕೆ ಇಲಾಖೆಯ ಜೀಪು. ತಿಂಗಳ ಹಿಂದೆ ಬಂದ ಹೊಸ ಅಧಿಕಾರಿ ರುದ್ರೇಶ ದಡದಲ್ಲಿ ಹಳದಿ ಬೋರ್ಡು ನೆಡಿಸಿದ್ದ: 'ಪರವಾನಗಿ ಇಲ್ಲದೆ ಗಾಳ ಹಾಕುವುದು ಅಪರಾಧ.' ಶಾಂತಕುಮಾರಿ ದಿನಾ ಆ ಬೋರ್ಡಿನ ಕಂಬಕ್ಕೇ ಬೆನ್ನು ಕೊಟ್ಟು ಕೂರುತ್ತಿದ್ದಳು. ಬೆನ್ನಿಗೆ ಒಳ್ಳೆಯ ಆಸರೆಯಾಗಿತ್ತು.

ಯೋಚಿಸಲು ಹೊತ್ತಿರಲಿಲ್ಲ. ಗಾಳದ ಕೋಲು ಲಂಟಾನದ ಪೊದೆಗೆ ಹೋಯಿತು. ಮೀನು ಪಕ್ಕದಲ್ಲಿದ್ದ ಪೂಜೆಯ ಬಿಂದಿಗೆಗೆ ಹೋಯಿತು. ಮೇಲೆ ತಟ್ಟೆ ಮುಚ್ಚಿ, ಸೆರಗು ಹೊದ್ದು ನಿಂತಾಗ ಅವಳ ಮುಖ ಅಭಿಷೇಕಕ್ಕೆ ಹೊರಟ ಶರಣೆಯ ಮುಖದಂತೆಯೇ ಇತ್ತು.

ಹೇಳಬೇಕಾದ್ದೆಂದರೆ, ಶಾಂತಕುಮಾರಿ ಹುಟ್ಟಿದ ಮನೆಯಲ್ಲಾಗಲಿ ಸೇರಿದ ಮನೆಯಲ್ಲಾಗಲಿ ಮೀನಿನ ಹೆಸರನ್ನೂ ಊಟದ ಹೊತ್ತಿನಲ್ಲಿ ಎತ್ತುತ್ತಿರಲಿಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಗಂಡ ಚನ್ನಬಸವಯ್ಯನವರು ನೀರಾವರಿ ಕಚೇರಿಯಲ್ಲಿ ಗುಮಾಸ್ತರು; ವಾಸ ಅಲ್ಲಿನ ಕ್ವಾರ್ಟರ್ಸಿನಲ್ಲಿ. ಒಂದೂವರೆ ವರ್ಷದ ಹಿಂದೆ ಕಾರ್ತಿಕ ಸೋಮವಾರ ಪೂಜೆಗೆ ಹೊಳೆ ನೀರು ತರಲು ಹೋಗಿದ್ದಳು. ಕ್ವಾರ್ಟರ್ಸಿನ ಹಿಂದಿನ ಬೀದಿಯ ಪುಟ್ಟತಾಯಮ್ಮ ಗಾಳ ಹಾಕಿಕೊಂಡು ಕೂತಿದ್ದಳು. "ಶಾಂತಕ್ಕ, ಒಂದ್ ಗಳಿಗೆ ಇದ್ನ ಇಡ್ಕಳಿ, ಎಲಡಿಕೆ ಆಕ್ಕತೀನಿ" ಎಂದು ಕೋಲನ್ನು ಕೈಗೆ ಕೊಟ್ಟಳು. ಆ ಒಂದು ಗಳಿಗೆಯಲ್ಲಿ ಬೆಂಡು ಮುಳುಗಿತು. ಶಾಂತಕುಮಾರಿಯೂ ಮುಳುಗಿದಳು.

ಮೂವತ್ತು ವರ್ಷದ ಸಂಸಾರದಲ್ಲಿ, ಸುಮ್ಮನೆ ಕೂತು ಮಾಡುವಂಥ ಕೆಲಸವೊಂದನ್ನು ಯಾರೂ ಅವಳ ಕೈಗೆ ಕೊಟ್ಟಿರಲಿಲ್ಲ. ದಡದಲ್ಲಿ ಕೂತ ಆ ಒಂದು ಗಂಟೆ ಯಾರೂ ಅವಳನ್ನು ಕೂಗುತ್ತಿರಲಿಲ್ಲ. ಕುಕ್ಕರು ಕೂಗುತ್ತಿರಲಿಲ್ಲ. ಮುಂದೆ ಒಂದು ಬೆಂಡು, ಅದರ ಸುತ್ತ ನೀರು, ಅಷ್ಟೇ. ದಿನದ ಉಳಿದ ಇಪ್ಪತ್ತಮೂರು ಗಂಟೆಗಳನ್ನು ಅವಳು ಎಲ್ಲರಿಗೂ ಕೊಟ್ಟಿದ್ದಳು, ಇದೊಂದನ್ನು ಕದ್ದಿಟ್ಟುಕೊಂಡಿದ್ದಳು.

ಕದ್ದದ್ದು ಎಂಬುದೇ ನಾಚಿಕೆ. ಅದಕ್ಕೆ ತನಗೆ ತಾನೇ ಕೆಲವು ನೇಮಗಳನ್ನು ಹಾಕಿಕೊಂಡಿದ್ದಳು. ಎರೆಹುಳು ಮುಟ್ಟುತ್ತಿರಲಿಲ್ಲ; ರಾತ್ರಿ ಉಳಿದ ಮುದ್ದೆಗೆ ತುಪ್ಪ ಸವರಿ ಉಂಡೆ ಕಟ್ಟುತ್ತಿದ್ದಳು. ಗಾಳದ ತುದಿಯ ಹಿಮ್ಮುಳ್ಳನ್ನು ಅರದಿಂದ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದಳು, ಬಿಡಿಸುವಾಗ ಪಾಪದ ಜೀವಕ್ಕೆ ನೋಯಬಾರದೆಂದು. ಹಿಡಿದದ್ದನ್ನೆಲ್ಲ ಅಲ್ಲೇ ಬಿಡುತ್ತಿದ್ದಳು. ಆಮೇಲೆ ಸೀಗೆಪುಡಿ ಹಾಕಿ, ನಿಂಬೆಸಿಪ್ಪೆ ಉಜ್ಜಿ, ಮೊಣಕೈವರೆಗೆ ತೊಳೆದುಕೊಂಡು, ಬಿಂದಿಗೆ ತುಂಬಿಸಿ ಮನೆಗೆ ಬರುತ್ತಿದ್ದಳು. "ನಮ್ಮ ಶಾಂತಂಗೆ ವಯಸ್ಸಾದ ಹಾಗೆ ಭಕ್ತಿ ಜಾಸ್ತಿ ಆಗ್ತಿದೆ ಕಣ್ರೀ, ಒಂದು ದಿನವೂ ಹೊಳೆ ನೀರು ತಪ್ಪಿಸಲ್ಲ" ಎಂದು ಚನ್ನಬಸವಯ್ಯನವರು ಕಚೇರಿಯಲ್ಲೆಲ್ಲ ಹೇಳುತ್ತಿದ್ದರು. ಪ್ರತಿ ಹೊಗಳಿಕೆಯೂ ಅವಳಿಗೆ ಕಣ್ಣಿಗೆ ಸೀಗೆಪುಡಿ ಬಿದ್ದಂತಾಗುತ್ತಿತ್ತು.

ಪರವಾನಗಿ ಮಾಡಿಸೋಣವೆಂದರೆ ಹೆಸರು ಬರೆಸಬೇಕು. ಹೆಸರಿನ ಮುಂದೆ ಗಂಡನ ಹೆಸರನ್ನೂ ಬರೆಸಬೇಕು. ಬಿಟ್ಟುಬಿಡೋಣವೆಂದರೆ ಇದು ಶಿವರಾತ್ರಿ ಕಳೆದು ಹೊಂಗೆ ಚಿಗುರಿದ ಕಾಲ. ನೀರು ದಿನಕ್ಕಿಷ್ಟು ಹಿಂದೆ ಸರಿಯುತ್ತ, ಬೆಳಗಿನ ಬಿಸಿಲಿಗೆ ಬೆಚ್ಚಗಾದ ದಡಕ್ಕೆ ಮೀನುಗಳೆಲ್ಲ ತೌರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಬಂದು ಸೇರುವ ಕಾಲ. ವರ್ಷದಲ್ಲಿ ಇಂಥ ತಿಂಗಳು ಇನ್ನೊಂದಿಲ್ಲ.

ಅವುಗಳಲ್ಲಿ ಒಂದು ಮೀಸೆಯ ಮೀನು. ಮೊಳದುದ್ದ, ಕಪ್ಪು, ಎಡಗಡೆಯ ಮೀಸೆ ಅರ್ಧ ತುಂಡು. ಅದು ತುಪ್ಪದ ಮುದ್ದೆಗೆ ಸೋತು ನಾಲ್ಕು ಸಲ ಸಿಕ್ಕಿತ್ತು. ಮೀಸೆಗೆ ಮರ್ಯಾದೆ ಕೊಟ್ಟು ಶಾಂತಕುಮಾರಿ ಅದನ್ನು 'ಸಾಹೇಬರು' ಎನ್ನುತ್ತಿದ್ದಳು. ಇವತ್ತು ಐದನೆಯ ಸಲ.

"ಏನಮ್ಮಾ, ಇಷ್ಟು ಬೆಳಿಗ್ಗೆ?" ಜೀಪಿನಿಂದ ರುದ್ರೇಶ ತಲೆ ಹಾಕಿದ.

"ಪೂಜೆಗೆ ನೀರು ಸಾರ್."

"ಇಲ್ಲಿ ಯಾರೋ ಗಾಳ ಹಾಕ್ತಾರಂತೆ. ನೋಡಿದ್ರಾ?"

"ನಾನು ನೀರು ಬಿಟ್ಟು ಬೇರೆ ಏನೂ ನೋಡಲ್ಲ ಸಾರ್." ಅದೊಂದು ಮಾತ್ರ ನಿಜವಾಗಿತ್ತು.

"ಬನ್ನಿ ಹತ್ತಿ. ಕ್ವಾರ್ಟರ್ಸ್ ಕಡೆಗೇ ಹೋಗ್ತಿದೀನಿ. ವಯಸ್ಸಾದವರು ಬಿಂದಿಗೆ ಹೊತ್ಕೊಂಡು ಯಾಕೆ ಹೋಗಬೇಕು?"

ಬೇಡವೆಂದಷ್ಟೂ ಅವನ ಸೌಜನ್ಯ ಹೆಚ್ಚಾಯಿತು. ಕೊನೆಗೆ ಗಾಳ ಹಿಡಿಯುವವರನ್ನು ಹಿಡಿಯಲು ಬಂದ ಜೀಪಿನಲ್ಲಿ, ಗಾಳ ಹಾಕಿದವಳೂ ಗಾಳಕ್ಕೆ ಬಿದ್ದವರೂ ಜೊತೆಗೇ ಕೂತು ಮನೆ ಸೇರಿದರು. ಜೀಪು ಗುಂಡಿಗೆ ಬಿದ್ದಾಗಲೆಲ್ಲ ಸಾಹೇಬರು ಒಳಗಿನಿಂದ ಒದೆಯುತ್ತಿದ್ದರು. ಶಾಂತಕುಮಾರಿ ಹಸುಗೂಸನ್ನು ಅಪ್ಪಿದ ಹಾಗೆ ಬಿಂದಿಗೆಯನ್ನು ಅಪ್ಪಿಕೊಂಡಿದ್ದಳು.

ಬಾಗಿಲಲ್ಲೇ ಚನ್ನಬಸವಯ್ಯನವರು ಕಾದಿದ್ದರು. ಸ್ನಾನ ಮುಗಿಸಿ, ಮಡಿಯುಟ್ಟು.

"ಕೊಡಿಲ್ಲಿ. ಇವತ್ತು ಭಾರ ಇದೆಯಲ್ಲೇ?"

"ಪೂರ್ತಿ ತುಂಬಿಸಿದೆ. ಮುಟ್ಟಬೇಡಿ ರೀ, ನಾನೇ..."

ಅಷ್ಟರಲ್ಲಿ ಬಿಂದಿಗೆ ದೇವರ ಮನೆ ಸೇರಿತ್ತು. ಅವರು ತಟ್ಟೆಯನ್ನು ತುಸುವೇ ಸರಿಸಿ, ಕಣ್ಣು ಮುಚ್ಚಿಕೊಂಡೇ ಚೊಂಬಿಗೆ ನೀರು ಬಗ್ಗಿಸಿಕೊಂಡು, ಅಂಗೈಯ ಲಿಂಗಕ್ಕೆ ಎರೆದರು. ಶಾಂತಕುಮಾರಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮೀನು ಮಿಂದ ನೀರು! ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬಾಯಿ ಬಿಟ್ಟದ್ದು ಸಾಹೇಬರು ಮಾತ್ರ. ಅವರು ಬಾಲ ಬೀಸಿದ ರಭಸಕ್ಕೆ ತಟ್ಟೆ 'ಟಣ್' ಎಂದಿತು.

"ಗಂಟೆ ಹೊಡೆದೆಯಾ?" ಚನ್ನಬಸವಯ್ಯನವರು ಕಣ್ಣು ಬಿಡದೆಯೇ ಕೇಳಿದರು. "ಸರಿಯಾದ ಹೊತ್ತಿಗೆ ಹೊಡೆದೆ ಕಣೇ."

ಅವರು ತಿಂಡಿಗೆ ಎದ್ದ ಮೇಲೆ ಬಿಂದಿಗೆಯನ್ನು ಹಿತ್ತಿಲಿಗೆ ಸಾಗಿಸಬೇಕು, ಅಲ್ಲಿಂದ ಹಿನ್ನೀರಿಗೆ ಓಡಬೇಕು ಎಂದು ಲೆಕ್ಕ ಹಾಕುತ್ತಿದ್ದಾಗ, "ಶರಣು ಶರಣಾರ್ಥಿ!" ಎಂದು ಬಾಗಿಲಲ್ಲಿ ಹತ್ತು ಕೊರಳು ಒಟ್ಟಿಗೆ ಕೂಗಿದವು. ಅಕ್ಕನ ಬಳಗದ ಸಭೆ ಇವತ್ತು ತನ್ನ ಮನೆಯಲ್ಲೇ ಎಂಬುದು ಸಾಹೇಬರ ಗಡಿಬಿಡಿಯಲ್ಲಿ ಶಾಂತಕುಮಾರಿಗೆ ಮರೆತೇಹೋಗಿತ್ತು.

ಮುಂದೆ ಪಾರ್ವತಮ್ಮ. ಬಳಗದ ಅಧ್ಯಕ್ಷೆ, ಕ್ವಾರ್ಟರ್ಸಿನಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ವಾಸನೆ ಹಿಡಿಯುವವರು. ಅವತ್ತು ಅವರದೇ ಭಾಷಣ. ವಿಷಯ: ಪ್ರಾಣಿದಯೆ.

"ಬಾಯಾರಿ ಸಾಯ್ತಿದೀನಿ ಶಾಂತಾ. ಫಿಲ್ಟರ್ ನೀರು ಬೇಡಮ್ಮ. ನಿನ್ನ ಹೊಳೆ ನೀರೇ ಬೇಕು" ಎನ್ನುತ್ತ ನೇರ ದೇವರ ಮನೆಗೆ ನುಗ್ಗಿ ತಟ್ಟೆ ಎತ್ತಿದರು.

ಒಳಗಿನಿಂದ ಮೀಸೆ ಹೊತ್ತ ಮುಖವೊಂದು ಮೇಲೆ ಬಂದು, ಕೆಲಸದ ಹೊತ್ತಿನಲ್ಲಿ ಬಾಗಿಲು ತೆಗೆದವರನ್ನು ನೋಡುವ ತಹಸೀಲ್ದಾರರಂತೆ ನೋಡಿತು.

ಪಾರ್ವತಮ್ಮ ಕಿರುಚಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿಸಿರಬೇಕು. ಬಾಯಲ್ಲಿ ಇಡ್ಲಿ ಇಟ್ಟುಕೊಂಡೇ ಚನ್ನಬಸವಯ್ಯನವರು ಓಡಿಬಂದರು. ಹತ್ತು ಹೆಂಗಸರು ಬಿಂದಿಗೆಯ ಸುತ್ತ, ಇಪ್ಪತ್ತು ಕಣ್ಣು ಶಾಂತಕುಮಾರಿಯ ಮೇಲೆ.

"ಇದು... ಯಾರೋ ಹಾಕಿದ್ದ ಗಾಳಕ್ಕೆ ಸಿಕ್ಕಿ ಒದ್ದಾಡ್ತಿತ್ತು" ಎಂದಳು. ಮಾತು ಬಾಯಿಂದ ತಾನಾಗಿ ಜಾರಿತು. "ನೋಡೋಕಾಗಲಿಲ್ಲ. ಬಿಡಿಸಿ ತಂದೆ."

ಪಾರ್ವತಮ್ಮನ ಕಣ್ಣು ತುಂಬಿತು.

"ನಾನು ದಯೆ ಅಂತ ನಾಲ್ಕು ಹಾಳೆ ಬರ್ಕೊಂಡು ಬಂದೆ. ಇವಳು ಬಿಂದಿಗೇಲಿ ತಂದಿಟ್ಟಿದ್ದಾಳೆ!"

ಶಾಂತಕುಮಾರಿಗೆ ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಭಾಷಣದ ಹಾಳೆಗಳು ಮಡಚಿ ಒಳಗೆ ಹೋದವು. ಮೀನನ್ನು ಎಲ್ಲರೂ ಸೇರಿ ನೀರಿಗೆ ಬಿಡಬೇಕೆಂದು ತೀರ್ಮಾನವಾಯಿತು. ಬಿಂದಿಗೆಗೆ ವಿಭೂತಿಯ ಮೂರು ಪಟ್ಟೆ ಎಳೆದು, ಬಾಯಿಗೆ ಸೇವಂತಿಗೆ ಸುತ್ತಿದರು. ಹೊರುವ ಗೌರವ ಶಾಂತಕುಮಾರಿಗೇ. ಹಿಂದೆ ಹಾಡುತ್ತ ಬಳಗ, ಅದರ ಹಿಂದೆ ಅರ್ಧ ದಿನ ರಜೆ ಹಾಕಿದ ಚನ್ನಬಸವಯ್ಯನವರು. ಪಾರ್ವತಮ್ಮ ನಡೆಯುತ್ತಲೇ ಫೋನು ಹಚ್ಚಿ ರುದ್ರೇಶನನ್ನೂ ಕರೆಸಿದರು.

"ಆ ಗಾಳದೋರು ಯಾರು ಅಂತ ಇವತ್ತು ಗೊತ್ತಾಗಲೇಬೇಕು ಸಾರ್!"

ಗೊತ್ತಾಗಲು ತಡವಾಗಲಿಲ್ಲ. ಪಾರ್ವತಮ್ಮನೇ ಲಂಟಾನದ ಪೊದೆಯಿಂದ ಕೋಲನ್ನು ಎಳೆದು ತೆಗೆದರು. ಹಿಡಿಗೆ ಹಳೆಯ ಸೀರೆಯ ಕೆಂಪು ಅಂಚು ಸುತ್ತಿತ್ತು. ಅಲ್ಲೇ ಕಲ್ಲಿನ ಮೇಲೆ ಪಾತ್ರೆ ತಿಕ್ಕುತ್ತಿದ್ದ ಪುಟ್ಟತಾಯಮ್ಮನ ತಲೆಯ ಮೇಲಿದ್ದ ಬಟ್ಟೆಯೂ ಅದೇ ಸೀರೆಯದು.

"ಇದು ನಿನ್ನದೇ ಅಲ್ವಾ?" ರುದ್ರೇಶ ಕೇಳಿದ.

ಪುಟ್ಟತಾಯಮ್ಮ ತಲೆಯೆತ್ತಿ ನೋಡಿದಳು. ಗಾಳ, ಹೂವಿನ ಬಿಂದಿಗೆ, ಅದರಡಿಯಲ್ಲಿ ಬೆವರುತ್ತಿದ್ದ ಶಾಂತಕುಮಾರಿ. ಅವಳಿಗೆ ಎಲ್ಲ ತಿಳಿಯಿತು.

"ಊಂ ಕಣ್ ಸಾ, ನಂದೇಯ. ಏನೀಗ? ಮೀನ್ ತಿನ್ನೋರು ಮೀನ್ ಇಡೀತಾರೆ. ನಿಮ್ಮಂಗೆ ಹೂವ ಮುಡ್ಸಿ ಮೆರವಣಿಗೆ ಮಾಡಕಾಯ್ತದಾ?"

"ನೋಡಿದ್ರಾ ಸಾರ್ ಬಾಯಿ! ಕೇಸ್ ಹಾಕಿ!" ಎಂದರು ಪಾರ್ವತಮ್ಮ.

"ಹಾಕಲೇಬೇಕು. ಕೋಲು ಜಪ್ತಿ ಮಾಡ್ತೀನಿ" ಎಂದು ರುದ್ರೇಶ ಪುಸ್ತಕ ತೆಗೆದ. "ಹೆಸರು ಹೇಳಮ್ಮ."

ಪುಟ್ಟತಾಯಮ್ಮ ಹೆಸರು ಹೇಳಿದಳು. ಶಾಂತಕುಮಾರಿಯ ಕಡೆ ತಿರುಗಿಯೂ ನೋಡಲಿಲ್ಲ. ಆ ನೋಡದೆ ಇದ್ದದ್ದೇ ಶಾಂತಕುಮಾರಿಗೆ ಗಾಳದಂತೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳೋಣವೆಂದರೆ ಇದಕ್ಕೆ ಹಿಮ್ಮುಳ್ಳಿತ್ತು. ಬಿಂದಿಗೆಯನ್ನು ಕೆಳಗಿಟ್ಟಳು.

"ಬರೀಬೇಡಿ ಸಾರ್. ಗಾಳ ಹಾಕಿದ್ದು ನಾನು."

ಹಾಡು ನಿಂತಿತು.

"ಒಂದೂವರೆ ವರ್ಷದಿಂದ ಹಾಕ್ತಿದೀನಿ. ಕೋಲು ಅವಳದು, ಕೈ ನಂದು. ಈ ಮೀನನ್ನೇ ಐದು ಸಲ ಹಿಡಿದಿದೀನಿ. ಪೂಜೆ ನೀರು ಅನ್ನೋದೆಲ್ಲ ನೆಪ." ಕೊನೆಯ ಮಾತು ಗಂಡನಿಗೆ. ಅವರ ಮುಖ ನೋಡುವ ಧೈರ್ಯವಾಗದೆ ಅವರ ಚಪ್ಪಲಿ ನೋಡುತ್ತ ಹೇಳಿದಳು.

ಪಾರ್ವತಮ್ಮ ಗಳಗಳ ಅತ್ತುಬಿಟ್ಟರು.

"ಅಯ್ಯೋ ನನ್ನ ತಾಯೀ! ಮೀನನ್ನೂ ಕಾಪಾಡಿದೆ, ಈಗ ಹಿಡಿದವಳನ್ನೂ ಕಾಪಾಡ್ತೀಯಾ? ಇಂಥಾ ಕರುಣೆ ಎಲ್ಲೂ ನೋಡಿಲ್ಲ ಕಣ್ರೇ!"

"ನಿಜವಾಗಲೂ ನಾನೇ!"

"ಅವಳು ಮೊದಲಿಂದಲೂ ಹಾಗೇ ಸಾರ್" ಎಂದು ಚನ್ನಬಸವಯ್ಯನವರು ಕನ್ನಡಕ ಒರೆಸಿಕೊಂಡರು. "ಬೆಕ್ಕು ಹಾಲು ಕುಡಿದರೂ, ಮುಚ್ಚಿಡದೇ ಇದ್ದದ್ದು ನನ್ನ ತಪ್ಪು ಅಂತಾಳೆ."

"ರೀ, ದೇವರಾಣೆಗೂ..."

"ಆಯ್ತು ಕಣೇ, ಸಮಾಧಾನ. ಆಣೆ ಗೀಣೆ ಹಾಕಬೇಡ, ಒಳ್ಳೇದಲ್ಲ."

ಸಿಕ್ಕಿಬೀಳುವುದು ಎಷ್ಟು ನಾಚಿಕೆಯೋ ಎಂದು ಒಂದೂವರೆ ವರ್ಷ ಹೆದರಿದ್ದಳು. ತಾನಾಗಿ ಸಿಕ್ಕಿಬಿದ್ದರೂ ಯಾರೂ ಹಿಡಿಯದೆ ಇರುವುದು ಅದಕ್ಕಿಂತ ದೊಡ್ಡ ನಾಚಿಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದವರು ತನ್ನನ್ನು ಒಂದು ಪಟದ ಹಾಗೆ ಗೋಡೆಗೆ ತೂಗುಹಾಕಿಬಿಟ್ಟಿದ್ದಾರೆ. ಪಟ ಮಾತಾಡಿದರೆ ಯಾರು ನಂಬುತ್ತಾರೆ?

ನಂಬಿದವನು ಒಬ್ಬನೇ. ರುದ್ರೇಶ ಗಾಳವನ್ನು ಬಿಸಿಲಿಗೆ ಹಿಡಿದು, ಉಜ್ಜಿ ನುಣ್ಣಗಾದ ತುದಿಯ ಮೇಲೆ ಬೆರಳಾಡಿಸಿದ. ಅಂಟಿಕೊಂಡಿದ್ದ ಮುದ್ದೆಯ ಚೂರನ್ನು ಮೂಸಿದ. ಶಾಂತಕುಮಾರಿಯ ಬಳಿ ಬಂದು ಮೆಲ್ಲಗೆ ಹೇಳಿದ, "ಸಾರಿಗೆ ಮೀನು ಹಿಡಿಯೋರು ಮುಳ್ಳು ಉಜ್ಜಿ ತೆಗೆಯಲ್ಲಮ್ಮ. ತುಪ್ಪ ಸವರಿದ ಮುದ್ದೆ ಸಿಕ್ಕಿಸೋದೂ ಇಲ್ಲ. ನೀವು ಹೇಳಿದ್ದನ್ನ ನಾನು ನಂಬಿದೆ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಹಾಗಿದ್ರೆ ಅವಳನ್ನ ಬಿಟ್ಟುಬಿಡಿ ಸಾರ್."

"ಬಿಡ್ತೀನಿ. ಮೊದಲು ಮೀನು ತೋರಿಸಿ."

ಹೂವು ಸರಿಸಿ ಒಳಗೆ ಬಗ್ಗಿ ನೋಡಿದವನ ಮುಖ ಬಿಗಿಯಾಯಿತು. ಕೈ ಹಾಕಿ ಸಾಹೇಬರನ್ನು ಎತ್ತಿ ಬಾಯಿ ಬಿಡಿಸಿದ.

"ಇದು ಆಫ್ರಿಕನ್ ಕ್ಯಾಟ್‌ಫಿಶ್. ಸಾಕೋದೂ ನಿಷೇಧ, ನೀರಿಗೆ ಬಿಡೋದೂ ನಿಷೇಧ. ಮೊಟ್ಟೆ, ಮರಿ, ಸಣ್ಣ ಮೀನು, ಕಪ್ಪೆ, ಏನನ್ನೂ ಬಿಡಲ್ಲ ಇದು, ಎಲ್ಲಾ ನುಂಗುತ್ತೆ. ನಮ್ಮ ನೀರಿನ ಮೀನೆಲ್ಲ ಇದರ ಹೊಟ್ಟೆಗೆ ಹೋಗ್ತಿವೆ."

"ಅಂದ್ರೆ..." ಪಾರ್ವತಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ಇದು ಮಾಂಸಾಹಾರೀನಾ?"

"ಹೌದಮ್ಮ."

ಪಾರ್ವತಮ್ಮ ಬಗ್ಗಿ ಬಿಂದಿಗೆಗೆ ಸುತ್ತಿದ್ದ ಸೇವಂತಿಗೆಯನ್ನು ಬಿಚ್ಚಿಕೊಂಡರು.

"ಬಾಯಲ್ಲಿ ನಾಲ್ಕೈದು ಹಳೇ ಗಾಯ ಇದೆ" ಎಂದ ರುದ್ರೇಶ, ಶಾಂತಕುಮಾರಿಯನ್ನು ನೋಡದೆ. "ಯಾರೋ ಕರುಣೆ ಇರೋರು ಇದನ್ನ ಹಿಡಿದು ಹಿಡಿದು ವಾಪಸ್ ಬಿಟ್ಟಿದ್ದಾರೆ. ಮೊದಲನೇ ಸಲ ಬಿಡದೇ ಇದ್ದಿದ್ರೆ ಎಷ್ಟು ಸಾವಿರ ಮರಿ ಉಳೀತಿತ್ತೋ."

ಶಾಂತಕುಮಾರಿ ಮನಸ್ಸಿನಲ್ಲೇ ಎಣಿಸಿದಳು. ನಾಲ್ಕು ಸಲ ಬಿಟ್ಟಿದ್ದಳು. ನಾಲ್ಕು ಸಲವೂ ಪುಣ್ಯ ಬಂತೆಂದುಕೊಂಡು, ಹಿಡಿದ ಪಾಪವನ್ನು ಅದರಲ್ಲಿ ವಜಾ ಮಾಡಿಕೊಂಡಿದ್ದಳು. ಹಿಡಿದದ್ದಕ್ಕೆ ಇವರ ಮುಂದೆ ತಲೆ ತಗ್ಗಿಸುವುದೋ, ಬಿಟ್ಟದ್ದಕ್ಕೆ ಅವನ ಮುಂದೆ ತಲೆ ತಗ್ಗಿಸುವುದೋ! ತಲೆ ಇದ್ದದ್ದು ಒಂದೇ. ಎರಡಕ್ಕೂ ಸೇರಿಸಿ ತಗ್ಗಿಸಿದಳು.

ರುದ್ರೇಶ ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ, "ಇದನ್ನ ಹಿಡಿದು ತೆಗೆಯೋಕೆ ಊರಿನವರೇ ಬೇಕು. ತಿನ್ನೋರಿಗೆ ಕೊಟ್ಟರೆ ಇದರ ನೆಪದಲ್ಲಿ ಬೇರೆ ಮೀನೂ ಸಾರಾಗುತ್ತೆ. ಈ ಅಮ್ಮ ತಿನ್ನಲ್ಲ. ದಿನಾ ಇಲ್ಲಿಗೆ ಬರ್ತಾರೆ. ನಾನು ಇವರಿಗೇ ಪರವಾನಗಿ ಕೊಡಿಸ್ತೀನಿ. ಬೇರೆ ಮೀನು ಸಿಕ್ಕಿದರೆ ಬಿಡಲಿ. ಈ ಜಾತಿ ಸಿಕ್ಕಿದರೆ ಮಾತ್ರ ಜೀವಂತ ವಾಪಸ್ ಬಿಡೋ ಹಾಗಿಲ್ಲ. ದಡದಲ್ಲೇ ಮುಗಿಸಬೇಕು."

"ಯಾರು, ನಾನಾ?" ಎಂದಳು ಶಾಂತಕುಮಾರಿ.

"ಸಾವಿರ ಜೀವ ಉಳಿಸೋಕೆ ಒಂದು ಜೀವ!" ಪಾರ್ವತಮ್ಮನಿಗೆ ಭಾಷಣ ಮರಳಿ ಸಿಕ್ಕಿತ್ತು. "ಇದೂ ದಯೇನೇ ಶಾಂತಾ!" ಬಳಗ ಚಪ್ಪಾಳೆ ತಟ್ಟಿತು.

"ಆದ್ರೆ ಸಾರ್" ಚನ್ನಬಸವಯ್ಯನವರು ಸಂಕೋಚದಿಂದ ಕೈ ಎತ್ತಿದರು. "ನಮ್ಮನೆಯವರಿಗೆ ಗಾಳ ಹಿಡಿಯೋಕೆ ಬರಲ್ವಲ್ಲ."

"ಅದುಕ್ಕೇನ್ ಸೋಮಿ" ಎಂದಳು ಪುಟ್ಟತಾಯಮ್ಮ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. "ನಾನೇಳ್ಕೊಡ್ತೀನಿ. ಬೇಗ್ನೆ ಕಲೀತಾರೆ."

ರುದ್ರೇಶ ಪುಟ್ಟತಾಯಮ್ಮನ ಹೆಸರು ಬರೆದ ಹಾಳೆಯನ್ನು ಹರಿದು, ಅವಳಿಗೂ ಒಂದು ಅರ್ಜಿ ಫಾರಂ ಕೊಟ್ಟ. ಸಾಹೇಬರನ್ನೂ ಅವಳ ಸುಪರ್ದಿಗೇ ಒಪ್ಪಿಸಿದ. ಬಿಂದಿಗೆಯ ಸಮೇತ.

ಸಂಜೆ ಐದೂವರೆಗೆ ಹಿತ್ತಿಲ ಗೋಡೆಯ ಆಚೆಯಿಂದ ಬಿಂದಿಗೆ ವಾಪಸ್ಸಾಯಿತು. "ಉಣಸೇಹಣ್ಣಾಕಿ ಮೂರ್ ಸಲ ತೊಳ್ದಿವ್ನಿ ಕಣಕ್ಕ" ಎಂದ ಪುಟ್ಟತಾಯಮ್ಮ ಧ್ವನಿ ತಗ್ಗಿಸಿದಳು, "ಸಾರು ಏನ್ ರುಚಿ ಅಂತೀರಿ! ನಿಮ್ಮ ತುಪ್ಪದ ಮುದ್ದೆ ತಿಂದು ಬೆಳ್ದಿದ್ದಲ್ವಾ?"

ಶಾಂತಕುಮಾರಿ ಬಿಂದಿಗೆ ತೆಗೆದುಕೊಂಡಳು. ಬೆಳಿಗ್ಗೆ ತನ್ನ ಕೈಗೆ ಭಾರವಾಗಿ ಒದೆಯುತ್ತಿದ್ದುದು ಈಗ ಹಗುರವಾಗಿತ್ತು. ಹೋಗಿಬನ್ನಿ ಎಂದು ಹೇಳಲೂ ಆಗಿರಲಿಲ್ಲ.

ಒಳಗೆ ಚನ್ನಬಸವಯ್ಯನವರು ಮೇಜಿನ ಮುಂದೆ ಕೂತು ಪರವಾನಗಿಯ ಫಾರಂ ತುಂಬುತ್ತಿದ್ದರು, ಕಚೇರಿಯಲ್ಲಿ ದೊಡ್ಡವರಿಗೆ ಹೋಗುವ ಕಾಗದಕ್ಕೆ ಮಾತ್ರ ಬಳಸುವ ದುಂಡು ಅಕ್ಷರದಲ್ಲಿ.

"ನಾಳೆಯಿಂದ ನಾನೂ ಜೊತೆಗೆ ಬರ್ತೀನಿ ಕಣೇ. ಒಬ್ಬಳೇ ಅಲ್ಲಿ ಕೂತಿರೋಕೆ ನಿಂಗೆ ಬೇಜಾರಲ್ವಾ? ಪಾರ್ವತಮ್ಮನವರೂ ಬರ್ತಾರಂತೆ, ಇಡೀ ಬಳಗ ಕರ್ಕೊಂಡು. ನೀನು ಗಾಳ ಹಾಕು, ಅವರು ಪಕ್ಕದಲ್ಲಿ ಕೂತು ಹಾಡ್ತಾರಂತೆ."

ಶಾಂತಕುಮಾರಿ ಬಿಂದಿಗೆಯನ್ನು ಮೂಲೆಗಿಟ್ಟಳು. ಹಳದಿ ಬೋರ್ಡಿನ ಕಂಬ, ಬೆಚ್ಚಗಿನ ದಡ, ಬೆಂಡಿನ ಸುತ್ತ ಯಾರೂ ಕೂಗದ ನೀರು, ಎಲ್ಲ ಒಂದು ಸಲ ಕಣ್ಣ ಮುಂದೆ ಬಂದು ಹೋಯಿತು.

"ಇಲ್ಲೊಂದು ಕಾಲಂ ಇದೆ ನೋಡು" ಎಂದರು ಅವರು. "'ಅರ್ಜಿದಾರರ ಹಿಂದಿನ ಅನುಭವ.' ಏನು ಬರೀಲಿ?"

ಅವಳು ಬಾಯಿ ತೆರೆದಳು. ಬೆಳಿಗ್ಗೆ ಹತ್ತು ಜನರೆದುರು ಹೇಳಿದ್ದನ್ನೇ ಮತ್ತೊಮ್ಮೆ ಹೇಳಬಹುದಿತ್ತು. ಆದರೆ ಅವರು ಆಗಲೇ ನಗುತ್ತ, ಲೇಖನಿ ಊರಿ, 'ಇಲ್ಲ' ಎಂದು ದುಂಡಗೆ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು.

"ಇಲ್ಲಿ ಸಹಿ ಮಾಡು."

ನಿಂಬೆಸಿಪ್ಪೆಯ ವಾಸನೆಯ ಬೆರಳುಗಳಿಂದ ಶಾಂತಕುಮಾರಿ ಸಹಿ ಮಾಡಿದಳು.